ಮೂರು ಹಳಿ, ಎಂಟು ವ್ಯಾಗನ್ನು

ದಾವಣಗೆರೆಯಿಂದ ತಂದೆಯೊಬ್ಬರು ಬರೆದ ಪತ್ರ ನನ್ನ ಮುಂದಿದೆ. ಎಂಟನೆಯ ತರಗತಿಯಲ್ಲಿ ಓದುವ ಅವರ ಮಗಳಿಗೆ ಸೋದರಮಾವ ಅಮೆರಿಕದಿಂದ ಬರುವಾಗ ಮಾದರಿ ರೈಲಿನ ಸೆಟ್ಟೊಂದನ್ನು ತಂದುಕೊಟ್ಟರಂತೆ. ಒಂದು ಇಂಜಿನ್ನು, ಐದು ವ್ಯಾಗನ್ನು, ಮೊಟ್ಟೆಯಾಕಾರಕ್ಕೆ ಜೋಡಿಸುವ ಹಳಿಗಳು, ವೇಗವನ್ನು ಹೆಚ್ಚು ಕಡಿಮೆ ಮಾಡುವ ಡಬ್ಬಿ. ಮೊದಲ ವಾರ ಮನೆಯಲ್ಲಿ ಹಬ್ಬ. ಬೀದಿಯ ಮಕ್ಕಳೆಲ್ಲ ಬಂದು ನೋಡಿದರು. ಎರಡನೆಯ ವಾರ ಮಗಳೊಬ್ಬಳೇ ಆಡಿದಳು. ಮೂರನೆಯ ವಾರ ಪೆಟ್ಟಿಗೆ ಅಟ್ಟ ಸೇರಿತು. "ಇನ್ನಷ್ಟು ಹಳಿ ತರಿಸಿಕೊಟ್ಟರೆ ಆಡಿಯಾಳೇನೋ. ಆದರೆ ನಮ್ಮದು ಎರಡು ಕೋಣೆಯ ಮನೆ. ಹಾಸಿದರೆ ಓಡಾಡಲು ಜಾಗವಿರುವುದಿಲ್ಲ. ಇದು ಜಾಗವಿದ್ದವರ, ದುಡ್ಡಿದ್ದವರ ಆಟವೆಂದು ಬಿಟ್ಟುಬಿಡುವುದೇ ಲೇಸೆ?" ಎಂದು ಕೇಳಿದ್ದಾರೆ.

ಬಿಡಬೇಡಿ. ಇನ್ನಷ್ಟು ಹಳಿಯನ್ನೂ ತರಿಸಬೇಡಿ. ಇರುವ ಹಳಿಯಲ್ಲೇ ಅರ್ಧದಷ್ಟನ್ನು ಪೆಟ್ಟಿಗೆಯಲ್ಲೇ ಇಟ್ಟು, ಎರಡು ಪಾಯಿಂಟುಗಳನ್ನು ಮಾತ್ರ ಕೊಂಡರೆ ಸಾಕು. ಪಾಯಿಂಟು ಎಂದರೆ ಒಂದು ಹಳಿ ಕವಲೊಡೆದು ಎರಡಾಗುವ ಜಾಗ, ಗೊತ್ತಲ್ಲ.

ಆ ಹುಡುಗಿಗೆ ಬೇಸರ ಬಂದದ್ದು ಸಹಜ. ಸುತ್ತುವ ರೈಲಿನಲ್ಲಿ ಆಡುವವರಿಗೆ ಕೆಲಸವೇ ಇಲ್ಲ. ಗುಂಡಿ ತಿರುಗಿಸಿದರೆ ಅದು ಓಡುತ್ತದೆ, ನಾವು ನೋಡುತ್ತೇವೆ. ಹತ್ತನೆಯ ಸುತ್ತಿಗೂ ಹನ್ನೊಂದನೆಯ ಸುತ್ತಿಗೂ ವ್ಯತ್ಯಾಸವಿಲ್ಲ. ಹಳಿ ಉದ್ದ ಮಾಡಿದರೆ ಸುತ್ತು ದೊಡ್ಡದಾಗುತ್ತದೆ, ಬೇಸರ ಬರುವುದು ನಾಲ್ಕು ದಿನ ತಡವಾಗುತ್ತದೆ, ಅಷ್ಟೆ. ನಿಜವಾದ ರೈಲ್ವೆಯಲ್ಲಿ ಬುದ್ಧಿಗೆ ಕೆಲಸ ಕೊಡುವ ಜಾಗ ಓಡುವ ಲೈನಿಗಿಂತ ಹೆಚ್ಚಾಗಿ ಯಾರ್ಡು. ಬಂದ ಗೂಡ್ಸ್ ಗಾಡಿಯನ್ನು ಬಿಡಿಸಿ, ಯಾವ ವ್ಯಾಗನ್ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ತಳ್ಳಿ, ಹೊರಡುವ ಗಾಡಿಯನ್ನು ಬೇಕಾದ ಸರದಿಯಲ್ಲಿ ಕಟ್ಟುವ ಕೆಲಸ. ಇದಕ್ಕೆ ಶಂಟಿಂಗ್ ಎನ್ನುತ್ತೇವೆ. ಅಮೆರಿಕದವರು ಸ್ವಿಚಿಂಗ್ ಎನ್ನುತ್ತಾರೆ. ಮಾದರಿ ರೈಲಿನ ಹವ್ಯಾಸಿಗಳು ಈ ಒಂದು ಕೆಲಸವನ್ನೇ ಹಲಗೆಯೊಂದರ ಮೇಲೆ ಆಟವಾಗಿಸಿಕೊಂಡು ನೂರು ವರ್ಷವಾಗುತ್ತ ಬಂತು. ಇಂಗ್ಲೆಂಡಿನ ಎ. ಆರ್. ವಾಕ್ಲಿ ಎಂಬವರು 1920ರ ದಶಕದಲ್ಲೇ ಸೂಟ್‌ಕೇಸಿನಂತೆ ಮಡಚಿ ಒಯ್ಯಬಹುದಾದ ಶಂಟಿಂಗ್ ಯಾರ್ಡೊಂದನ್ನು ಮಾಡಿಕೊಂಡಿದ್ದರು.

ಆದರೆ ಈ ಬಗೆಯ ಯಾರ್ಡುಗಳಲ್ಲಿ ಎಲ್ಲಕ್ಕಿಂತ ಸರಳವೂ ಎಲ್ಲಕ್ಕಿಂತ ಜಾಣತನದ್ದೂ ಆದದ್ದು ಅಲನ್ ರೈಟ್ ಎಂಬ ಇನ್ನೊಬ್ಬ ಇಂಗ್ಲಿಷ್ ಹವ್ಯಾಸಿಯದು. 1928ರಲ್ಲಿ ಹುಟ್ಟಿ 2005ರಲ್ಲಿ ತೀರಿಕೊಂಡ ರೈಟ್, ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ ಆಲ್ನಿಕ್ ಊರಿನಿಂದ ಕಾರ್ನ್‌ಹಿಲ್‌ಗೆ ಹೋಗುತ್ತಿದ್ದ ಕವಲು ಲೈನಿನ ಕಿಲಮ್ ಎಂಬ ಪುಟ್ಟ ಸೈಡಿಂಗನ್ನು ಮನಸ್ಸಿನಲ್ಲಿಟ್ಟುಕೊಂಡು 1950ರ ದಶಕದಲ್ಲಿ ಇದನ್ನು ಕಟ್ಟಿದರು. ಇಂಗಲ್‌ನುಕ್ ಸೈಡಿಂಗ್ಸ್ ಎಂದು ಹೆಸರಿಟ್ಟರು. ಚಳಿದೇಶದ ಮನೆಗಳಲ್ಲಿ ಬೆಂಕಿಗೂಡಿನ ಪಕ್ಕ ಬೆಚ್ಚಗೆ ಕೂರುವ ಮೂಲೆಗೆ ಇಂಗಲ್‌ನುಕ್ ಎನ್ನುತ್ತಾರೆ. ಮೂಲೆಯಲ್ಲಿ ಕೂತು ಆಡುವ ಆಟಕ್ಕೆ ಒಪ್ಪುವ ಹೆಸರು.

ಅದರ ರಚನೆಯನ್ನು ಒಂದು ಕೈಯಂತೆ ಊಹಿಸಿಕೊಳ್ಳಿ. ಎಡಕ್ಕೆ ಮುಂಗೈಯಂತೆ ಒಂದೇ ಹಳಿ. ಬಲಕ್ಕೆ ಅದು ಮೂರು ಬೆರಳುಗಳಾಗಿ ಕವಲೊಡೆಯುತ್ತದೆ. ಎಡಗಡೆಯ ಒಂಟಿ ಹಳಿಗೆ ನಮ್ಮ ರೈಲ್ವೆಯವರ ಮಾತಿನಲ್ಲಿ ಶಂಟಿಂಗ್ ನೆಕ್, ಅಂದರೆ ಕತ್ತು. ಈ ಬರಹದಲ್ಲಿ ಕತ್ತು ಎಂದೇ ಕರೆಯೋಣ. ಬಲಗಡೆಯ ಮೂರು ಹಳಿಗಳಲ್ಲಿ ಒಂದು ಉದ್ದ, ಅದರಲ್ಲಿ ಐದು ವ್ಯಾಗನ್ ನಿಲ್ಲುತ್ತವೆ. ಉಳಿದೆರಡು ಗಿಡ್ಡ, ತಲಾ ಮೂರು. ಕತ್ತಿನಲ್ಲಿ ಇಂಜಿನ್ನಿನ ಜೊತೆ ಮೂರೇ ವ್ಯಾಗನ್ನಿಗೆ ಜಾಗ. ಒಟ್ಟು ಎಂಟು ವ್ಯಾಗನ್ನುಗಳು, ಐದು ಉದ್ದ ಹಳಿಯಲ್ಲಿ, ಮೂರು ಒಂದು ಗಿಡ್ಡ ಹಳಿಯಲ್ಲಿ, ಇನ್ನೊಂದು ಗಿಡ್ಡ ಹಳಿ ಖಾಲಿ. ಡಬ್ಬಿಯಲ್ಲಿ ಎಂಟು ಚೀಟಿ ಹಾಕಿ, ಕುಲುಕಿ, ಐದನ್ನು ಒಂದೊಂದಾಗಿ ಎತ್ತಿ. ಅದೇ ಐದು ವ್ಯಾಗನ್ನು, ಅದೇ ಸರದಿಯಲ್ಲಿ, ಉದ್ದ ಹಳಿಯ ಮೇಲೆ ಗಾಡಿಯಾಗಿ ನಿಂತರೆ ಆಟ ಮುಗಿಯಿತು. ಕೈಯಿಂದ ವ್ಯಾಗನ್ ಎತ್ತುವ ಹಾಗಿಲ್ಲ. ಎಲ್ಲವನ್ನೂ ಇಂಜಿನ್ನೇ ಎಳೆಯಬೇಕು, ಇಂಜಿನ್ನೇ ತಳ್ಳಬೇಕು.

ಇಷ್ಟೇ ತಾನೆ ಎನ್ನಿಸಿತೆ? ಗಣಿತ ಓದುವ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಿ. ಮೊದಲ ಚೀಟಿಗೆ ಎಂಟು ಸಾಧ್ಯತೆ, ಎರಡನೆಯದಕ್ಕೆ ಏಳು, ಆಮೇಲೆ ಆರು, ಐದು, ನಾಲ್ಕು. ಗುಣಿಸಿದರೆ 6,720. ದಿನಕ್ಕೊಂದು ಗಾಡಿ ಕಟ್ಟಿದರೂ ಎಲ್ಲವನ್ನೂ ಮುಗಿಸಲು ಹದಿನೆಂಟು ವರ್ಷ ದಾಟುತ್ತದೆ. ಎಂಟನೆಯ ತರಗತಿಯ ಹುಡುಗಿಗೆ ಅಷ್ಟು ಹೊತ್ತಿಗೆ ಮೂವತ್ತು ತುಂಬಿರುತ್ತದೆ. ಯಾವ ಸರದಿ ಬಂದರೂ ಗಾಡಿ ಕಟ್ಟಲು ಸಾಧ್ಯವೇ ಎಂಬ ಸಂಶಯ ನಿಮಗೆ ಬಂದಿದ್ದರೆ ಅದು ಒಳ್ಳೆಯ ಸಂಶಯ. ಸಾಧ್ಯ. ಹಳಿಗಳ ಉದ್ದ ಎಷ್ಟಿದ್ದರೆ ಖಂಡಿತ ಸಾಧ್ಯ, ಎಷ್ಟಿದ್ದರೆ ಇಲ್ಲ ಎಂಬ ಪ್ರಶ್ನೆಯನ್ನೇ ಹಿಡಿದು ಸೈಮನ್ ಬ್ಲ್ಯಾಕ್‌ಬರ್ನ್ ಎಂಬ ಬ್ರಿಟಿಷ್ ಗಣಿತಜ್ಞರು 2019ರಲ್ಲಿ ಒಂದು ಪ್ರಬಂಧವನ್ನೇ ಪ್ರಕಟಿಸಿದ್ದಾರೆ. ಆಟಿಕೆ ಎಂದು ಮೂಗು ಮುರಿಯುವ ಹಿರಿಯರಿಗೆ ಇದನ್ನು ಹೇಳಿ.

ದುಡ್ಡು ಖರ್ಚು ಮಾಡುವ ಮೊದಲು ಈ ಆಟವನ್ನು ಬೆಂಕಿಪೊಟ್ಟಣಗಳಲ್ಲಿ ಆಡಿ ನೋಡಬೇಕು. ಈ ಮೆಟ್ಟಿಲನ್ನು ಯಾರೂ ಹಾರಬಾರದು ಎಂಬುದು ನನ್ನ ಹಟ. ದೊಡ್ಡ ಆಟಕ್ಕೆ ಮೊದಲು ಅದರ ಮರಿಯೊಂದಿದೆ: ಉದ್ದ ಹಳಿಯಲ್ಲಿ ಮೂರು, ಗಿಡ್ಡ ಹಳಿಗಳಲ್ಲಿ ಎರಡೆರಡು, ಕತ್ತಿನಲ್ಲಿ ಇಂಜಿನ್ನಿನ ಜೊತೆ ಎರಡು. ಒಟ್ಟು ಐದು ವ್ಯಾಗನ್ನು, ಕಟ್ಟಬೇಕಾದ ಗಾಡಿ ಮೂರರದು. ರಟ್ಟಿನ ಮೇಲೆ ಗೆರೆ ಎಳೆಯಿರಿ. ಬಲಗಡೆಯ ಮೂರು ಹಳಿಗಳಿಗೆ ಅ, ಆ, ಇ ಎಂದು ಹೆಸರಿಡಿ, ಅ ಉದ್ದದ್ದು. ಐದು ಬೆಂಕಿಪೊಟ್ಟಣಗಳ ಮೇಲೆ ಅಕ್ಕಿ, ಬೆಲ್ಲ, ಸಿಮೆಂಟು, ಕಲ್ಲಿದ್ದಲು, ಎಣ್ಣೆ ಎಂದು ಚೀಟಿ ಅಂಟಿಸಿ. ಇಂಜಿನ್ನಿಗೆ ಒಂದು ರಬ್ಬರು ಸಾಕು. ಅದು ಯಾವಾಗಲೂ ಎಡಗಡೆಯೇ ಇರುತ್ತದೆ, ಯಾವ ವ್ಯಾಗನ್ನನ್ನೂ ಹಾರಿ ದಾಟುವುದಿಲ್ಲ.

ಈಗ ಅ ಹಳಿಯಲ್ಲಿ ಎಡದಿಂದ ಬಲಕ್ಕೆ ಅಕ್ಕಿ, ಬೆಲ್ಲ, ಸಿಮೆಂಟು ನಿಂತಿವೆ ಎನ್ನಿ. ಆ ಹಳಿಯಲ್ಲಿ ಕಲ್ಲಿದ್ದಲು, ಎಣ್ಣೆ. ಇ ಹಳಿ ಖಾಲಿ. ಚೀಟಿ ಎತ್ತಿದಾಗ ಬಂದ ಸರದಿ: ಇಂಜಿನ್ನಿನ ಹಿಂದೆ ಮೊದಲು ಎಣ್ಣೆ, ಆಮೇಲೆ ಬೆಲ್ಲ, ಕೊನೆಗೆ ಕಲ್ಲಿದ್ದಲು. ಮುಂದೆ ಓದುವ ಮೊದಲು ಪುರವಣಿ ಮಡಚಿಟ್ಟು ನೀವೇ ಒಮ್ಮೆ ಪ್ರಯತ್ನಿಸಿ.

ಬಿಡಿಸುವ ಒಂದು ದಾರಿ ಇದು. ಇಂಜಿನ್ ಅ ಹಳಿಗೆ ಹೋಗಿ ಅಕ್ಕಿ, ಬೆಲ್ಲ ಎರಡನ್ನೂ ಕತ್ತಿಗೆ ಎಳೆದುಕೊಂಡು ಬಂದು ಇ ಹಳಿಯಲ್ಲಿ ಬಿಡುತ್ತದೆ. ಮತ್ತೆ ಅ ಹಳಿಗೆ ಹೋಗಿ ಸಿಮೆಂಟನ್ನು ಹಿಡಿದು ತರುತ್ತದೆ. ಅದನ್ನು ಬಿಡದೆ ಹಾಗೆಯೇ ಆ ಹಳಿಗೆ ತಳ್ಳಿಕೊಂಡು ಹೋಗಿ ಕಲ್ಲಿದ್ದಲಿಗೆ ತಾಗಿಸುತ್ತದೆ. ಸಿಮೆಂಟು, ಕಲ್ಲಿದ್ದಲು ಎರಡೂ ಕತ್ತಿಗೆ ಬಂದವು, ಕತ್ತು ತುಂಬಿತು. ಈಗ ಬರಿದಾಗಿರುವ ಅ ಹಳಿಗೆ ನುಗ್ಗಿ, ತುದಿಯಲ್ಲಿ ಕಲ್ಲಿದ್ದಲನ್ನು ಬಿಟ್ಟು, ಸಿಮೆಂಟಿನೊಂದಿಗೆ ಹಿಂದಕ್ಕೆ ಬರಬೇಕು. ಸಿಮೆಂಟನ್ನು ಆ ಹಳಿಯಲ್ಲಿ ಒಂಟಿಯಾಗಿ ನಿಂತಿರುವ ಎಣ್ಣೆಯ ಮುಂದೆ ನಿಲ್ಲಿಸಿ, ಇಂಜಿನ್ ಬರಿಗೈಯಲ್ಲಿ ಇ ಹಳಿಗೆ ಹೋಗುತ್ತದೆ. ಅಕ್ಕಿ, ಬೆಲ್ಲ ಎರಡನ್ನೂ ಎಳೆದು ತಂದು ಅ ಹಳಿಗೆ ತಳ್ಳಿದರೆ ಬೆಲ್ಲ ತಾನಾಗಿ ಕಲ್ಲಿದ್ದಲಿಗೆ ಕೂಡಿಕೊಳ್ಳುತ್ತದೆ. ಅಕ್ಕಿಗೂ ಬೆಲ್ಲಕ್ಕೂ ನಡುವೆ ಬಿಡಿಸಿ, ಅಕ್ಕಿಯನ್ನು ಇ ಹಳಿಗೆ ಹಿಂದಿರುಗಿಸಿ. ಕೊನೆಯದಾಗಿ ಆ ಹಳಿಯಿಂದ ಸಿಮೆಂಟು, ಎಣ್ಣೆ ಎರಡನ್ನೂ ಎಳೆದು, ಎಣ್ಣೆಯನ್ನು ಬೆಲ್ಲದ ಮುಂದೆ ಬಿಟ್ಟರೆ ಗಾಡಿ ಸಿದ್ಧ.

ಇದರಲ್ಲಿ ಗಮನಿಸಬೇಕಾದದ್ದು ಎರಡು. ಗಾಡಿಯ ಕೊನೆಗೆ ಬೇಕಾದ ಕಲ್ಲಿದ್ದಲು ಎಲ್ಲಕ್ಕಿಂತ ಮೊದಲು ಒಳಗೆ ಹೋಯಿತು. ಊಟದ ಕ್ಯಾರಿಯರ್ ಜೋಡಿಸುವಾಗ ಮೊದಲು ತೆಗೆಯಬೇಕಾದ ಡಬ್ಬಿಯನ್ನು ಕೊನೆಗೆ ಇಡುತ್ತೇವಲ್ಲ, ಅದೇ ತತ್ತ್ವ. ಕಂಪ್ಯೂಟರ್ ವಿಜ್ಞಾನದಲ್ಲಿ ಇದಕ್ಕೆ ಸ್ಟ್ಯಾಕ್ ಎನ್ನುತ್ತಾರೆ. ಡೊನಾಲ್ಡ್ ಕನೂಥ್ 1968ರಲ್ಲಿ ಬಂದ ತಮ್ಮ ಪ್ರಸಿದ್ಧ ಪ್ರೋಗ್ರಾಮಿಂಗ್ ಗ್ರಂಥದ ಮೊದಲ ಸಂಪುಟದಲ್ಲಿ ಸ್ಟ್ಯಾಕನ್ನು ವಿವರಿಸಲು ಬಳಸಿದ್ದು ರೈಲು ಹಳಿಯ ಇಂಥದೇ ಕವಲನ್ನು. ಎರಡನೆಯದು, ಹಿಂದೆ ಹುದುಗಿದ್ದ ಬೆಲ್ಲವನ್ನು ನಾವು ಮುಂದಿನದನ್ನು ಸರಿಸಿ ತೆಗೆಯಲಿಲ್ಲ; ಎರಡನ್ನೂ ಒಟ್ಟಿಗೆ ಎಳೆದೆವು. ಎಳೆದಾಗ ಹಳಿಯ ಒಳತುದಿಯಲ್ಲಿದ್ದದ್ದು ಗಾಡಿಯ ಹೊರತುದಿಗೆ ಬರುತ್ತದೆ. ಇದು ಹೊಳೆಯುವವರೆಗೆ ಮಕ್ಕಳು ಒದ್ದಾಡುತ್ತಾರೆ. ಹೊಳೆದ ಮೇಲೆ ದೊಡ್ಡವರನ್ನು ಸೋಲಿಸುತ್ತಾರೆ. ದಯವಿಟ್ಟು ತಂದೆತಾಯಿಯರು ಪಕ್ಕದಲ್ಲಿ ನಿಂತು ಹೇಳಿಕೊಡಬೇಡಿ. ಆ ಒದ್ದಾಟವೇ ಆಟ.

ಮರಿ ಆಟದಲ್ಲಿ ಐದರಲ್ಲಿ ಮೂರು ಎತ್ತುವುದರಿಂದ ಸರದಿಗಳು ಅರುವತ್ತು ಮಾತ್ರ. ಒಂದು ಬೇಸಿಗೆ ರಜೆಗೆ ಸಾಕು. ದಾವಣಗೆರೆಯ ಸೆಟ್ಟಿನಲ್ಲಿರುವುದೂ ಐದೇ ವ್ಯಾಗನ್ನು, ಅಲ್ಲವೆ?

ಇನ್ನು ಹಲಗೆಯ ಮಾತಿಗೆ ಬರೋಣ. ಸಾಮಾನ್ಯವಾಗಿ ನಾವು ಯೋಜನೆ ಹಾಕುವುದು ಹೇಗೆ? ಮೊದಲು ಜಾಗ ಎಷ್ಟಿದೆ ನೋಡುತ್ತೇವೆ, ಹಿಡಿಸಿದಷ್ಟು ಹಳಿ ಹಾಸುತ್ತೇವೆ, ಆಮೇಲೆ ವ್ಯಾಗನ್ ನಿಲ್ಲಿಸುತ್ತೇವೆ. ಶಂಟಿಂಗ್ ಹಲಗೆಗೆ ಇದು ತಲೆಕೆಳಗು. ಇಲ್ಲಿ ಮೊದಲು ವ್ಯಾಗನ್ನನ್ನು ಅಳೆಯಬೇಕು. ಸ್ಕೇಲು ತೆಗೆದುಕೊಂಡು, ಎರಡು ವ್ಯಾಗನ್ನುಗಳನ್ನು ಕೂಡಿಸಿ, ಒಂದರ ಕಪ್ಲಿಂಗಿನಿಂದ ಇನ್ನೊಂದರ ಕಪ್ಲಿಂಗಿನವರೆಗಿನ ಉದ್ದ ತೆಗೆಯಿರಿ. ಆಮೇಲೆ ಇಂಜಿನ್ನು. ಆಮೇಲೆ ಒಂದು ಪಾಯಿಂಟು. ಈ ಮೂರು ಸಂಖ್ಯೆ ಸಿಕ್ಕಿದರೆ ಉಳಿದದ್ದೆಲ್ಲ ಕೂಡುವ ಲೆಕ್ಕ.

ನಾಲ್ಕು ಗಾಲಿಯ ಪುಟ್ಟ ವ್ಯಾಗನ್ನುಗಳಾದರೆ ಒಂದೊಂದು ಸುಮಾರು 8 ಸೆಂ.ಮೀ., ಸಣ್ಣ ಶಂಟಿಂಗ್ ಇಂಜಿನ್ನು 11 ಸೆಂ.ಮೀ. ಎಂದಿಟ್ಟುಕೊಳ್ಳಿ. ದೊಡ್ಡ ಆಟದ ಕತ್ತಿಗೆ ಬೇಕಾದದ್ದು 11 ಮತ್ತು ಮೂರು ಎಂಟಲ 24, ಒಟ್ಟು 35. ಪಾಯಿಂಟು ಒಂದಕ್ಕೆ 18. ಉದ್ದ ಹಳಿ 40, ಗಿಡ್ಡವು 24. ಪಾಯಿಂಟು ದಾಟಿದ ಕೂಡಲೆ ವ್ಯಾಗನ್ ನಿಲ್ಲಿಸಿದರೆ ಪಕ್ಕದ ಹಳಿಯಲ್ಲಿ ಬರುವ ವ್ಯಾಗನ್ನಿಗೆ ಅದು ತಾಗುತ್ತದೆ. ಆದ್ದರಿಂದ ಎರಡು ಹಳಿಗಳು ಸಾಕಷ್ಟು ದೂರವಾಗುವವರೆಗೆ 8 ಸೆಂ.ಮೀ. ಬಿಡಿ. ನಿಜವಾದ ರೈಲ್ವೆಯಲ್ಲಿ ಈ ಜಾಗವನ್ನು ತೋರಿಸಲು ಎರಡು ಹಳಿಗಳ ನಡುವೆ ಫೌಲಿಂಗ್ ಮಾರ್ಕ್ ಎಂಬ ಗುರುತು ಇರುತ್ತದೆ. ಮುಂದಿನ ಸಲ ಸ್ಟೇಷನ್ನಿಗೆ ಹೋದಾಗ ಹುಡುಕಿ. ಮೊದಲ ಪಾಯಿಂಟಿನಿಂದ ಉದ್ದ ಹಳಿ ಹೊರಡಲಿ, ಎರಡನೆಯ ಪಾಯಿಂಟಿನಿಂದ ಎರಡು ಗಿಡ್ಡ ಹಳಿಗಳು. ಹಾಗಾದರೆ ಉದ್ದ ಹಳಿಯ ದಾರಿ 35, 18, 8, 40 ಸೇರಿ 101 ಸೆಂ.ಮೀ. ಗಿಡ್ಡ ಹಳಿಯ ದಾರಿ 35, ಎರಡು ಪಾಯಿಂಟಿಗೆ 36, ಮತ್ತೆ 8, 24, ಒಟ್ಟು 103. ತುದಿಗಳಲ್ಲಿ ತಡೆಗಟ್ಟೆಗೆ ಐದು ಸೆಂ.ಮೀ. ಸೇರಿಸಿದರೂ ನಾಲ್ಕು ಅಡಿ ಉದ್ದ, ಒಂದು ಅಡಿ ಅಗಲದ ಹಲಗೆ ಧಾರಾಳ. ಪುಸ್ತಕದ ಕಪಾಟಿನ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ಇಲ್ಲವೇ ಆಡಿ ಮುಗಿಸಿ ಮಂಚದ ಕೆಳಗೆ.

ಅಮೆರಿಕದ ಸೆಟ್ಟಿನ ವ್ಯಾಗನ್ನು ಎಂಟು ಗಾಲಿಯ ಉದ್ದನೆಯದಾಗಿದ್ದರೆ ಲೆಕ್ಕ ಬೇರೆ. ವ್ಯಾಗನ್ನಿಗೆ 15, ಇಂಜಿನ್ನಿಗೆ 18 ಸೆಂ.ಮೀ. ಹಿಡಿದು ಮರಿ ಆಟ ಹಾಕಿದರೆ ಕತ್ತು 48, ಪಾಯಿಂಟುಗಳು 36, ಅಂತರ 8, ಗಿಡ್ಡ ಹಳಿ 30, ಒಟ್ಟು 122. ತಡೆಗಟ್ಟೆಗೆ ಐದು ಸೇರಿದರೆ 127, ನಾಲ್ಕು ಅಡಿಗಿಂತ ಸ್ವಲ್ಪ ಹೆಚ್ಚು. ಇದೇ ವ್ಯಾಗನ್ನುಗಳಲ್ಲಿ ದೊಡ್ಡ ಆಟ ಹಾಕಿದರೆ ಎಷ್ಟಾಗುತ್ತದೆ ಎಂಬುದನ್ನು ಮಗಳೇ ಕೂಡಿ ಹೇಳಲಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಜಾಗ ಇನ್ನೂ ಇದೆಯಲ್ಲ, ಕತ್ತನ್ನು ಸ್ವಲ್ಪ ಉದ್ದ ಮಾಡೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಮಾಡಬೇಡಿ. ಕತ್ತಿನಲ್ಲಿ ನಾಲ್ಕನೆಯ ವ್ಯಾಗನ್ನಿಗೆ ಜಾಗ ಸಿಕ್ಕಿದ ದಿನ ಆಟ ಸಡಿಲವಾಗುತ್ತದೆ, ಐದನೆಯದಕ್ಕೂ ಸಿಕ್ಕಿದರೆ ಯೋಚನೆಯೇ ಬೇಡವಾಗುತ್ತದೆ. ಒಂದು ಬೆರಳು ಕಡಿಮೆಯಾದರೂ ಕಷ್ಟವೇ. ಮೂರನೆಯ ವ್ಯಾಗನ್ನಿನ ಗಾಲಿ ಪಾಯಿಂಟಿನ ಮೇಲೆಯೇ ನಿಂತು, ಪಾಯಿಂಟನ್ನು ತಿರುಗಿಸಲು ಬರುವುದಿಲ್ಲ. ಅರ್ಧ ವ್ಯಾಗನ್ನಿನಷ್ಟು ಸಡಿಲ ಇರಲಿ, ಒಂದು ವ್ಯಾಗನ್ನಿನಷ್ಟು ಬೇಡ. ಕೊಂಡ ಹಳಿ ಉದ್ದವಾಗಿದ್ದರೆ ಕತ್ತರಿಸಬೇಕಾಗಿಲ್ಲ, ಬೇಕಾದ ಜಾಗದಲ್ಲಿ ಮರದ ತುಂಡೊಂದನ್ನು ಅಡ್ಡ ಅಂಟಿಸಿದರಾಯಿತು. ಹಾಗೆಯೇ, ಮೂರು ಹಳಿಗಳಲ್ಲಿ ಹನ್ನೊಂದು ಜಾಗವಿದೆಯಲ್ಲ, ಎಂಟೇ ವ್ಯಾಗನ್ ಏಕೆ ಎಂದು ಕೇಳಬಹುದು. ಒಂದರಿಂದ ಹದಿನೈದರವರೆಗಿನ ಬಿಲ್ಲೆಗಳನ್ನು ಸರಿಸಿ ಜೋಡಿಸುವ ಚೌಕದ ಆಟವನ್ನು ನೋಡಿದ್ದೀರಲ್ಲ? ಖಾಲಿ ಮನೆ ಒಂದಿರುವುದರಿಂದಲೇ ಅದು ಆಟ. ಇಲ್ಲಿ ಖಾಲಿ ಜಾಗ ಮೂರು. ಅಲನ್ ರೈಟ್ ಅವರ ಜಾಣತನವೆಲ್ಲ ಇರುವುದು ಈ ಐದು, ಮೂರು, ಮೂರು ಎಂಬ ಅಳತೆಯಲ್ಲಿ. ಹಳಿ ಹಾಕಿದ್ದರಲ್ಲಿ ವಿಶೇಷವಿಲ್ಲ.

ಇದಕ್ಕಿಂತ ಜಟಿಲವಾದದ್ದು ಬೇಕೆನ್ನುವವರಿಗೆ ಅಮೆರಿಕದ ಜಾನ್ ಅಲೆನ್ ಅವರ ಟೈಮ್‌ಸೇವರ್ ಇದೆ. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿದ್ದ ಅಲೆನ್ ಮಾದರಿ ರೈಲಿನ ಲೋಕದಲ್ಲಿ ದೊಡ್ಡ ಹೆಸರು. ಮನೆಯಲ್ಲೇ ಬೆಟ್ಟ ಕಣಿವೆಗಳ ಭಾರಿ ರೈಲ್ವೆಯೊಂದನ್ನು ಕಟ್ಟಿ ಅದಕ್ಕೆ 'ಗೋರಿ ಅಂಡ್ ಡಿಫೀಟೆಡ್' ಎಂದು ಕೇಳುವಂಥ ಹೆಸರಿಟ್ಟಿದ್ದರು. ಅಂದರೆ ರಕ್ತ ಸುರಿಸಿಕೊಂಡು ಸೋತದ್ದು! ಟೈಮ್‌ಸೇವರ್ ಮಾತ್ರ ಹಲಗೆಯಷ್ಟು ಸಣ್ಣದು, 1972ರಲ್ಲಿ ಪತ್ರಿಕೆಯಲ್ಲಿ ಪ್ರಕಟವಾಯಿತು. ಯಾರು ಕಡಿಮೆ ಸಮಯದಲ್ಲಿ ಮುಗಿಸುತ್ತಾರೆ ಎಂದು ಪಂದ್ಯ ಕಟ್ಟಿ ಆಡುವುದಕ್ಕೆಂದೇ ಮಾಡಿದ್ದು. ಅದರಲ್ಲಿ ಇಂಜಿನ್ ವ್ಯಾಗನ್ನುಗಳ ಇನ್ನೊಂದು ಬದಿಗೆ ಸುತ್ತಿ ಬರಲೂ ದಾರಿಯಿದೆ. ಮರುವರ್ಷ ಜನವರಿಯಲ್ಲಿ ಅಲೆನ್ ತೀರಿಕೊಂಡರು. ಕೆಲವೇ ದಿನಗಳಲ್ಲಿ ಅವರ ದೊಡ್ಡ ರೈಲ್ವೆ ಬೆಂಕಿಗೆ ಆಹುತಿಯಾಯಿತು. ಹಲಗೆಯ ಆಟ ಉಳಿದು ಇಂದಿಗೂ ಜನ ಅದನ್ನು ಕಟ್ಟುತ್ತಿದ್ದಾರೆ. ಆದರೂ ಹೊಸಬರಿಗೆ ನಾನು ಅದನ್ನು ಹೇಳುವುದಿಲ್ಲ. ಅದು ಬೇಕೆಂದೇ ಇಕ್ಕಟ್ಟು ಮಾಡಿದ ಒಗಟು. ಇಂಗಲ್‌ನುಕ್ ನಿಜವಾದ ಸ್ಟೇಷನ್ನಿನ ಮೂಲೆಯಂತೆ ಕಾಣುತ್ತದೆ.

ಕಾಣುವುದೂ ಮುಖ್ಯವೆ? ಮಕ್ಕಳಿಗೆ ಬಹಳ ಮುಖ್ಯ. ಹಳಿಯ ಪಕ್ಕ ರಟ್ಟಿನದೊಂದು ಗೂಡ್ಸ್ ಷೆಡ್ಡು, ಅದರ ಮೇಲೆ ಊರಿನ ಹೆಸರು ಬಂದ ಕೂಡಲೆ ಅದು ಯಾರ್ಡಾಗುತ್ತದೆ. ನಮ್ಮಲ್ಲಿ ಇಂಥ ಕೆಲಸ ಈಗ ಕಾಣಸಿಗುವುದು ಅಪರೂಪ. ಒಂದೆರಡು ವ್ಯಾಗನ್ ಸಾಮಾನನ್ನು ಊರೂರಿನಲ್ಲಿ ಬಿಟ್ಟು ಎತ್ತಿಕೊಂಡು ಹೋಗುವ ಪದ್ಧತಿಯಿಂದ, ಇಡೀ ಗಾಡಿಯನ್ನು ಒಂದೇ ಸರಕಿನಿಂದ ತುಂಬಿ ಒಂದೇ ಕಡೆಗೆ ಕಳುಹಿಸುವ ಪದ್ಧತಿಗೆ ರೈಲ್ವೆ 1980ರ ದಶಕದಿಂದ ಹೊರಳಿತು. ಅದರೊಂದಿಗೆ ಸಣ್ಣ ಸ್ಟೇಷನ್ನುಗಳ ಸೈಡಿಂಗುಗಳಲ್ಲಿ ಹುಲ್ಲು ಬೆಳೆಯಿತು. ಅಜ್ಜ ರೈಲ್ವೆಯಲ್ಲಿದ್ದವರಾದರೆ ಅವರನ್ನು ಹಲಗೆಯ ಮುಂದೆ ಕೂರಿಸಿ ನೋಡಿ. ಹಳೆಯ ಇಂಜಿನ್, ಬೋಗಿಗಳನ್ನು ಹತ್ತಿರದಿಂದ ನೋಡಬೇಕೆಂದರೆ ಮೈಸೂರಿನಲ್ಲಿ 1979ರಲ್ಲಿ ಆರಂಭವಾದ ರೈಲು ವಸ್ತುಸಂಗ್ರಹಾಲಯವಿದೆ.

ಪ್ರಮಾಣದ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಸಿಗುವ ಎಚ್‌ಓ ಎಂಬ ಅಳತೆ ನಿಜದ 87ರಲ್ಲಿ ಒಂದು ಪಾಲು. ಅದರ ಹಳಿಗಳ ನಡುವಣ ಅಂತರ 16.5 ಮಿ.ಮೀ., ಅಂದರೆ ಯೂರೋಪು ಅಮೆರಿಕಗಳ 1,435 ಮಿ.ಮೀ. ಹಳಿಗೆ ಸರಿ. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ.; 87ರಿಂದ ಭಾಗಿಸಿದರೆ 19.3 ಬರುತ್ತದೆ. ಅಂಥ ಹಳಿ ಅಂಗಡಿಯಲ್ಲಿ ಸಿಗುವುದಿಲ್ಲವಾದ್ದರಿಂದ ನಮ್ಮ ರೈಲಿನ ಮಾದರಿ ಮಾಡುವವರಲ್ಲಿ ಹೆಚ್ಚಿನವರು 16.5ಕ್ಕೇ ಒಪ್ಪಿಕೊಳ್ಳುತ್ತಾರೆ. ನೀವೂ ಒಪ್ಪಿಕೊಳ್ಳಿ. ಕಲ್ಲಿದ್ದಲು ಒಯ್ಯುವ ನಮ್ಮ ಬಾಕ್ಸ್‌ಎನ್ ವ್ಯಾಗನ್ನಿನ ಉದ್ದ 10.713 ಮೀಟರು. ಅದನ್ನು ರಟ್ಟಿನಲ್ಲಿ ಮಾಡಿದರೆ ಎಷ್ಟು ಸೆಂಟಿಮೀಟರು? ಹನ್ನೆರಡಕ್ಕಿಂತ ಸ್ವಲ್ಪ ಹೆಚ್ಚು. ಹಳೆಯ ವ್ಯಾಗನ್ನಿನ ಗಾಲಿಗಳ ಮೇಲೆ ರಟ್ಟಿನ ಮೈ ಕೂರಿಸಿ ನಮ್ಮದೇ ವ್ಯಾಗನ್ ಮಾಡಿಕೊಳ್ಳುವುದು ಎರಡನೆಯ ವರ್ಷದ ಕೆಲಸವಾಗಲಿ.

ಕಟ್ಟುವಾಗ ಗಮನಿಸಬೇಕಾದ ಕೆಲವು ಸಂಗತಿಗಳು. ಹಲಗೆ ಮಟ್ಟವಾಗಿರಬೇಕು, ಗೋಲಿಯೊಂದನ್ನು ಇಟ್ಟು ನೋಡಿ, ಅದು ಉರುಳಿದರೆ ಬಿಡಿಸಿದ ವ್ಯಾಗನ್ನೂ ಉರುಳುತ್ತದೆ. ಹಳಿಯನ್ನು ಮೊಳೆ ಹೊಡೆದು ಕೂರಿಸುವ ಮೊದಲು ಒಂದು ವಾರ ಹಾಗೆಯೇ ಜೋಡಿಸಿ ಆಡಿ. ಕಪ್ಲಿಂಗ್ ಬಿಡಿಸಲು ಉರಿದು ಉಳಿದ ಊದುಬತ್ತಿ ಕಡ್ಡಿಗಿಂತ ಒಳ್ಳೆಯ ಸಾಧನವಿಲ್ಲ. ಕೈ ಸುಲಭವಾಗಿ ಹೋಗಬೇಕಾದ್ದರಿಂದ ಕಟ್ಟಡಗಳನ್ನು ಹಲಗೆಯ ಹಿಂಬದಿಗೆ ಇಡಿ. ಪಾಯಿಂಟುಗಳನ್ನು ಬೆರಳಿನಿಂದ ತಿರುಗಿಸಿದರೆ ಸಾಕು, ಅದಕ್ಕೆ ಮೋಟಾರು ಬೇಡ. ಒಂದೇ ಇಂಜಿನ್ ಇರುವುದರಿಂದ ವಿದ್ಯುತ್ತಿನ ತೊಡಕೂ ಇಲ್ಲ. ಡಬ್ಬಿಯಿಂದ ಬರುವ ಎರಡು ತಂತಿಗಳನ್ನು ಕತ್ತಿನ ಹಳಿಗೇ ಕೊಡಿ, ಅಲ್ಲಿಂದ ಪಾಯಿಂಟುಗಳ ಮೂಲಕ ಮುಂದಕ್ಕೆ ಹೋಗುತ್ತದೆ. ಹಳಿಯಲ್ಲಿ ಹರಿಯುವುದು 12 ವೋಲ್ಟ್, ಮುಟ್ಟಿದರೆ ಭಯವಿಲ್ಲ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಡಬ್ಬಿಯನ್ನು ಮಾತ್ರ ಮಕ್ಕಳು ಬಿಚ್ಚಬಾರದು. ಅಮೆರಿಕದಿಂದ ತಂದ ಡಬ್ಬಿ 120 ವೋಲ್ಟಿನದಾಗಿರಬಹುದು, ನಮ್ಮದು 230. ಅದರ ಮೇಲೆ ಬರೆದದ್ದನ್ನು ಓದದೆ ಸಿಕ್ಕಿಸಬೇಡಿ. ಇಂಜಿನ್ ನಿಧಾನವಾಗಿ ಹೋಗುವಾಗ ತಡವರಿಸಿದರೆ ಹೆಚ್ಚಿನ ಪಾಲು ಹಳಿಯ ಧೂಳೇ ಕಾರಣ. ಒಣಬಟ್ಟೆಯಲ್ಲಿ ಒರೆಸಿ ನೋಡಿ.

ಒಬ್ಬರೇ ಆಡಬಹುದಾದರೂ ಇಬ್ಬರು ಆಡಿದರೆ ಸೊಗಸು. ಒಬ್ಬರು ಡ್ರೈವರು, ವೇಗದ ಡಬ್ಬಿ ಅವರ ಕೈಯಲ್ಲಿ. ಇನ್ನೊಬ್ಬರು ಪಾಯಿಂಟ್ಸ್‌ಮನ್, ಪಾಯಿಂಟು ತಿರುಗಿಸುವುದು, ಕಪ್ಲಿಂಗ್ ಬಿಡಿಸುವುದು, ಎಷ್ಟು ಹಿಂದಕ್ಕೆ ಬರಬೇಕೆಂದು ತೋರಿಸುವುದು ಅವರ ಕೆಲಸ. ಮಾತಾಡುವ ಹಾಗಿಲ್ಲ, ಕೈಸನ್ನೆ ಮಾತ್ರ. ಬಾ, ನಿಧಾನ, ನಿಲ್ಲು, ಈ ಮೂರು ಸನ್ನೆಗಳನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಅಪ್ಪ ಡ್ರೈವರಾಗಿ, ಮಗಳು ಪಾಯಿಂಟ್ಸ್‌ಮನ್ ಆದರೆ, ಅವಳು ನಿಲ್ಲು ಎಂದಾಗ ಅಪ್ಪ ನಿಲ್ಲಿಸಲೇಬೇಕು. ಚೀಟಿ ಎತ್ತುವ ಅಧಿಕಾರವನ್ನು ಅಜ್ಜಿಗೆ ಬಿಡಿ.